ಬಿಗಿದದ್ದೆಲ್ಲ ಭದ್ರವೆ?

ಹೆಚ್ಚು ಬಿಗಿದಷ್ಟೂ ಹೆಚ್ಚು ಭದ್ರ ಎಂಬುದು ಲೋಕರೂಢಿಯ ನಂಬಿಕೆ. ನಲ್ಲಿ ಸೋರಿದರೆ ಇನ್ನಷ್ಟು ತಿರುಗಿಸುತ್ತೇವೆ; ಪಂಪಿನ ಜೋಡಣೆ ಒಸರಿದರೆ ಪಾನಾ ಹಿಡಿದು ಮತ್ತೊಂದು ಸುತ್ತು ಏರಿಸುತ್ತೇವೆ; ಅದಕ್ಕೂ ಜಗ್ಗದಿದ್ದರೆ ಪಾನಾದ ಹಿಡಿಗೆ ಒಂದು ಪೈಪು ತೊಡಿಸಿ ಇಬ್ಬರು ಸೇರಿ ಜಗ್ಗುತ್ತೇವೆ. ಮನೆಯಲ್ಲಿಯೂ ಹೊಲದಲ್ಲಿಯೂ ಈ ನಂಬಿಕೆಯಿಂದ ಆಗುವ ಹಾನಿ ದೊಡ್ಡದಲ್ಲ. ನಾಲ್ಕು ಕೊಡ ನೀರು ಪೋಲಾದೀತು, ಒಂದು ವಾಶರು ಹರಿದೀತು, ಅಷ್ಟೆ. ಆದರೆ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ನೀರಿನೊಳಕ್ಕೆ ಇಳಿಯುವ ಹೊಸಬನು ಇದೇ ನಂಬಿಕೆಯನ್ನು ತನ್ನೊಡನೆ ಒಯ್ದನೆಂದರೆ ಮಾತು ಬೇರೆಯಾಗುತ್ತದೆ.

ನಾವೇ ಒಯ್ದಿದ್ದೆವು. ಗಂಗಾವತಿಯ ಸೀಮೆಯಲ್ಲಿ ಬೆಳೆದು, ಕಾಲುವೆಯಲ್ಲಿ ಈಜು ಕಲಿತು, ಸಮುದ್ರವನ್ನು ಬಹು ತಡವಾಗಿ ಕಂಡವರು ನಾವು. ಮಳೆಗಾಲ ಕಳೆದ ಮೇಲೆ ಮುರ್ಡೇಶ್ವರಕ್ಕೆ ಹೋಗಿ, ಅಲ್ಲಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಮುಳುಗನ್ನು ಕಲಿಯಬೇಕೆಂದು ಹೊರಟಾಗ, ನಮ್ಮ ಭಯವೆಲ್ಲ ಮೀನಿನ ಮೇಲೆಯೂ ಆಳದ ಮೇಲೆಯೂ ಇದ್ದಿತೇ ಹೊರತು ಬೆನ್ನ ಮೇಲಿನ ಹಿತ್ತಾಳೆಯ ಸಾಮಾನಿನ ಮೇಲೆ ಇರಲಿಲ್ಲ. ದೋಣಿಯಲ್ಲಿ ಸಿಲಿಂಡರಿನ ಕವಾಟವನ್ನು ತೆರೆದ ಕೂಡಲೆ ತಲೆಯ ಹಿಂದೆ ಹಾವು ಬುಸುಗುಟ್ಟಿದಂಥ ಸದ್ದು. ಜೊತೆಗಿದ್ದ ಗೆಳೆಯರು, ಪಂಪುಸೆಟ್ಟಿನ ಮನೆಯಲ್ಲಿ ಬೆಳೆದವರು, ಒಂದು ಕ್ಷಣವೂ ಯೋಚಿಸದೆ ಎ-ಕ್ಲಾಂಪಿನ ತಿರುಪನ್ನು ಹಿಡಿದು ಬಲವಾಗಿ ತಿರುಗಿಸಿದರು. ಸದ್ದು ಕಡಿಮೆಯಾಗುವ ಬದಲು ಸೀಟಿಯಾಯಿತು. ದೋಣಿಯ ಹಿರಿಯ ಕೆಲಸಗಾರನೊಬ್ಬನು ಬಂದು ನಮ್ಮ ಗೆಳೆಯರ ಕೈಯನ್ನು ಮೆಲ್ಲನೆ ಸರಿಸಿದನು. "ಬಿಗಿ ಮಾಡೂದಲ್ಲ ಮಾರಾಯ್ರೆ, ಬಿಚ್ಚಿ ನೋಡ್ಬೇಕು" ಎಂದನು. ಕವಾಟವನ್ನು ಮುಚ್ಚಿ, ಕೊಳವೆಗಳಲ್ಲಿ ಉಳಿದಿದ್ದ ಗಾಳಿಯನ್ನು ಗುಂಡಿಯೊತ್ತಿ ಹೊರಬಿಟ್ಟು, ತಿರುಪನ್ನು ಸಡಿಲಿಸಿ, ಕವಾಟದ ಮುಖದಲ್ಲಿದ್ದ ಕಪ್ಪು ರಬ್ಬರಿನ ಉಂಗುರವನ್ನು ಎಬ್ಬಿಸಿ ನಮಗೆ ತೋರಿಸಿದನು. ಅದರ ಒಂದು ಬದಿಯಲ್ಲಿ ಮರಳಿನ ಕಣವೊಂದು ಅಂಟಿತ್ತು. ಎದುರು ಬದಿಯಲ್ಲಿ ಉಗುರಿನಿಂದ ಗೀರಿದಂಥ ಹೊಸ ಗಾಯವಿತ್ತು. ಕಣವು ಸಮುದ್ರದ್ದು, ಗಾಯವು ನಮ್ಮ ಗೆಳೆಯರದು. ಹೊಸ ಉಂಗುರವನ್ನು ಕೂರಿಸಿ, ಎರಡೇ ಬೆರಳುಗಳಿಂದ ತಿರುಪನ್ನು ಮುಟ್ಟಿಸಿ ಬಿಟ್ಟನು. ಕವಾಟ ತೆರೆದಾಗ ಸದ್ದೇ ಇಲ್ಲ.

ಈ ಉಂಗುರಕ್ಕೆ ಓ-ರಿಂಗು ಎಂದು ಹೆಸರು. ಅಡ್ಡವಾಗಿ ಕೊಯ್ದರೂ ದುಂಡು, ಮೇಲಿನಿಂದ ನೋಡಿದರೂ ದುಂಡು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸೆನ್ ಎಂಬ ಯಂತ್ರಶಿಲ್ಪಿಗೆ 1939ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಇದಕ್ಕಾಗಿ ಅಮೆರಿಕದ ಪೇಟೆಂಟು ದೊರೆಯಿತು. ಅದಾದ ನಾಲ್ಕೇ ವರ್ಷಗಳಿಗೆ, 1943ರಲ್ಲಿ, ಫ್ರಾನ್ಸಿನಲ್ಲಿ ಝಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಎಂಬಿಬ್ಬರು ನೀರಿನೊಳಗೆ ಉಸಿರಾಡುವ ಸ್ವಯಂಚಾಲಿತ ಸಲಕರಣೆಯನ್ನು ಸಿದ್ಧಪಡಿಸಿದರು. ಆ ಸಲಕರಣೆಯ ಹೃದಯವಾದ ಕವಾಟವು ಮೊದಲು ಹುಟ್ಟಿದ್ದು ನೀರಿಗಾಗಿ ಅಲ್ಲ. ಯುದ್ಧಕಾಲದಲ್ಲಿ ಪೆಟ್ರೋಲು ಸಿಕ್ಕದಾಗಿ, ಮೋಟಾರುಗಾಡಿಗಳನ್ನು ಅನಿಲದಿಂದ ಓಡಿಸುವುದಕ್ಕೆ ಗಾನ್ಯಾನ್ ಮಾಡಿದ್ದ ಕವಾಟವನ್ನೇ ಮಾರ್ಪಡಿಸಿಕೊಂಡದ್ದು. ಆದುದರಿಂದ ಅಡುಗೆ ಮನೆಯ ಅನಿಲದ ರೆಗ್ಯುಲೇಟರಿಗೂ ಮುಳುಗುಗಾರನ ರೆಗ್ಯುಲೇಟರಿಗೂ ಹತ್ತಿರದ ನಂಟು ಉಂಟು. ಅದನ್ನು ಮುಂದೆ ಹೇಳುತ್ತೇವೆ.

ಉಂಗುರವು ಗಾಳಿಯನ್ನು ಹೇಗೆ ತಡೆಯುತ್ತದೆಂಬುದನ್ನು ಮೊದಲು ನೋಡೋಣ. ಲೋಹದಲ್ಲಿ ಕೊರೆದ ಒಂದು ಗಾಡಿಯಲ್ಲಿ ಉಂಗುರವು ಕುಳಿತಿರುತ್ತದೆ. ಎದುರಿನ ಲೋಹದ ಮುಖವು ಬಂದು ಮುಟ್ಟಿದಾಗ ಅದು ಸ್ವಲ್ಪ, ತೀರ ಸ್ವಲ್ಪ, ಚಪ್ಪಟೆಯಾಗುತ್ತದೆ. ಇಷ್ಟೇ ನಮ್ಮ ಬೆರಳುಗಳ ಕೆಲಸ. ಉಳಿದ ಕೆಲಸವನ್ನು ಗಾಳಿಯೇ ಮಾಡುತ್ತದೆ. ಕವಾಟ ತೆರೆದೊಡನೆ ನುಗ್ಗಿ ಬರುವ ಗಾಳಿಯು ಉಂಗುರವನ್ನು ಗಾಡಿಯ ಹೊರಗೋಡೆಗೆ ತಳ್ಳಿ, ಎರಡು ಲೋಹಗಳ ನಡುವಿನ ಸಂದಿಗೆ ಅದನ್ನು ಒತ್ತುತ್ತದೆ. ಗಾಳಿಯ ಒತ್ತಡ ಹೆಚ್ಚಿದಷ್ಟೂ ಉಂಗುರವು ಸಂದಿಯನ್ನು ಹೆಚ್ಚು ಬಲವಾಗಿ ಮುಚ್ಚುತ್ತದೆ. ಕಳ್ಳನನ್ನು ತಡೆಯುವುದಕ್ಕೆ ಕಳ್ಳನ ಬಲವನ್ನೇ ಉಪಯೋಗಿಸಿಕೊಂಡಂತೆ.

ಹಾಗಾದರೆ ತಿರುಪು ಏತಕ್ಕೆ? ಭಾರ ಹೊರುವುದಕ್ಕೆ. ಸಿಲಿಂಡರಿನಲ್ಲಿ 200 ಬಾರ್ ಒತ್ತಡವಿದ್ದರೆ, ಅಂದರೆ ನಾವು ಉಸಿರಾಡುವ ವಾತಾವರಣದ ಸುಮಾರು ಇನ್ನೂರು ಪಟ್ಟು ಒತ್ತಡವಿದ್ದರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 200 ಕಿಲೋಗ್ರಾಂ ಭಾರ ಬೀಳುತ್ತದೆ. ಉಂಗುರದ ವ್ಯಾಸ ಒಂದೂವರೆ ಸೆಂಟಿಮೀಟರೆಂದು ಹಿಡಿದರೆ ಅದರೊಳಗಿನ ಕ್ಷೇತ್ರಫಲ ಸುಮಾರು 1.75 ಚದರ ಸೆಂಟಿಮೀಟರು. ಎರಡನ್ನೂ ಗುಣಿಸಿದರೆ ಸುಮಾರು 350 ಕಿಲೋಗ್ರಾಂ, ಅಂದರೆ ಮೂರೂವರೆ ಕ್ವಿಂಟಲು ಬತ್ತದ ಭಾರವು ರೆಗ್ಯುಲೇಟರನ್ನು ಕವಾಟದಿಂದ ಆಚೆಗೆ ತಳ್ಳುತ್ತಿರುತ್ತದೆ. ಈ ಭಾರವನ್ನು ತಡೆಯುವುದು ಹಿತ್ತಾಳೆಯ ಚೌಕಟ್ಟು ಮತ್ತು ತಿರುಪಿನ ಮರೆಗಳು. ನಮ್ಮ ಬೆರಳಿನ ಬಲವಲ್ಲ. ಭಾರ ಹೊರುವುದು ಲೋಹದ ಕೆಲಸ, ಸೋರಿಕೆ ತಡೆಯುವುದು ರಬ್ಬರಿನ ಕೆಲಸ. ಇವೆರಡನ್ನೂ ಒಂದೇ ಎಂದು ಭ್ರಮಿಸಿ, ರಬ್ಬರು ಮಾಡದ ಕೆಲಸವನ್ನು ಲೋಹದಿಂದ ಮಾಡಿಸಲು ಹೋಗುವುದೇ ಹೊಸಬರ ಮೂಲ ತಪ್ಪು. ಉಂಗುರದ ಮೇಲೆ ಮರಳು ಕುಳಿತಿದ್ದರೆ ಎಷ್ಟು ಬಿಗಿದರೂ ಮರಳು ಕರಗುವುದಿಲ್ಲ, ಉಂಗುರವು ಸೀಳುತ್ತದೆ. ಮುಳುಗು ಮುಗಿಸಿ ಬಂದ ಮೇಲೆ ತಿರುಪು ಬಿಚ್ಚಲಾರದೆ ಒದ್ದಾಡುವುದು ಮೇಲಣ ಲಾಭ.

ಉಂಗುರಕ್ಕೂ ಅದರದೇ ಆದ ದೌರ್ಬಲ್ಯಗಳುಂಟು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಗಗನನೌಕೆ ಏಳು ಮಂದಿಯೊಡನೆ ಆಕಾಶದಲ್ಲಿ ನಾಶವಾದುದು, ಚಳಿಗೆ ಬಿರುಸಾದ ಇಂಥದೇ ಉಂಗುರಗಳು ಸಂದಿಯನ್ನು ವೇಳೆಗೆ ಸರಿಯಾಗಿ ಮುಚ್ಚದೆ ಹೋದುದರಿಂದ. ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರು ಒಂದು ತುಂಡು ರಬ್ಬರನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿ ವಿಚಾರಣೆಯ ಮೇಜಿನ ಮೇಲೆಯೇ ಅದನ್ನು ತೋರಿಸಿಕೊಟ್ಟರು. ನಮ್ಮ ಕಡಲಿನಲ್ಲಿ ಆ ಚಳಿಯ ಭಯವಿಲ್ಲ. ನಮ್ಮಲ್ಲಿ ಉಂಗುರವನ್ನು ಕೆಡಿಸುವುದು ಬಿಸಿಲು, ಉಪ್ಪು ಮತ್ತು ಕಂಡ ಕಂಡ ಎಣ್ಣೆ. ಸೈಕಲ್ ಅಂಗಡಿಯ ಗ್ರೀಸು, ಕೊಬ್ಬರಿ ಎಣ್ಣೆ ಮುಂತಾದುವು ಉಸಿರಿನ ಸಲಕರಣೆಯ ಹತ್ತಿರ ಸುಳಿಯಕೂಡದು. ಆಮ್ಲಜನಕವನ್ನು ಹೆಚ್ಚಿಸಿದ ಗಾಳಿಯ ಸಿಲಿಂಡರಾಗಿದ್ದರೆ ಎಣ್ಣೆಯ ಪಸೆಯೇ ಹೊತ್ತಿಕೊಳ್ಳಬಹುದು.

ಇಷ್ಟನ್ನು ಓದಿದ ಮೇಲೆ ಯಲಬುರ್ಗಾದ ಕಾಲೇಜು ವಿದ್ಯಾರ್ಥಿಯೊಬ್ಬನು ಕೇಳಬಹುದು: "ಸಮುದ್ರದಿಂದ ಇಷ್ಟು ದೂರದ, ಮಳೆಯೇ ಅಪರೂಪವಾದ ಎರೆಹೊಲದ ನಾಡಿನವರಿಗೆ ಇದರಿಂದ ಏನಾಗಬೇಕು?" ಪ್ರಶ್ನೆ ನ್ಯಾಯವಾದುದೇ. ಆದರೆ ನಮ್ಮ ಅನುಭವದಲ್ಲಿ, ಈ ವಿದ್ಯೆಯ ಮೊದಲ ಪಾಠಗಳನ್ನು ಕಡಲ ತೀರದವರಿಗಿಂತ ನಮ್ಮವರೇ ಚೆನ್ನಾಗಿ ಬಲ್ಲರು. ಬಲ್ಲೆವೆಂಬುದು ಮಾತ್ರ ನಮಗೆ ತಿಳಿಯದು.

ಕುಷ್ಟಗಿಯ ಕಡೆ ದಾಳಿಂಬೆಯ ತೋಟಕ್ಕೆ ಹೋಗಿ ನೋಡಿ. ಕೊಳವೆ ಬಾವಿಯ ನೀರು ಹನಿ ನೀರಾವರಿಯ ಪೈಪುಗಳಿಗೆ ಹೋಗುವ ಮೊದಲು ಒಂದು ಫಿಲ್ಟರಿನ ಮೂಲಕ ಹಾಯುತ್ತದೆ. ಅದರ ಮುಚ್ಚಳದ ಕೆಳಗೆ ದಪ್ಪನೆಯ ರಬ್ಬರಿನ ಉಂಗುರವಿರುತ್ತದೆ. ಬಲೆಯನ್ನು ತೊಳೆದು ಮುಚ್ಚಳ ಹಾಕಿದ ಮೇಲೆ ನೀರು ಚಿಮ್ಮಿತೆಂದು ಒಮ್ಮೆ ನಾವು ಹಿಡಿಯನ್ನು ಇನ್ನಷ್ಟು ತಿರುಗಿಸಹೋದಾಗ, ತೋಟದ ಯಜಮಾನರು ತಡೆದು, "ಬಾಳ ಬಿಗಿ ಮಾಡಬ್ಯಾಡ್ರಿ ಸರ, ರಬ್ಬರ್ ಹರೀತೈತಿ. ಉಸುಕು ಕುಂತಿರಬೇಕು, ತೆಗದು ಒರಸ್ರಿ" ಎಂದರು. ನೇತ್ರಾಣಿಯ ದೋಣಿಯಲ್ಲಿ ಕೇಳಿದ ಪಾಠವೇ! ಅವರಿಗೆ ಓ-ರಿಂಗಿನ ಚರಿತ್ರೆ ಗೊತ್ತಿಲ್ಲ, ಬಾರ್ ಎಂಬ ಮಾನವೂ ಬೇಕಿಲ್ಲ. ಆದರೆ ಮೋಟಾರು ನಿಲ್ಲಿಸಿ, ಒತ್ತಡ ಇಳಿಸಿ, ಬಿಚ್ಚಿ, ಒರೆಸಿ, ಮತ್ತೆ ಕೂರಿಸುವ ಕ್ರಮದಲ್ಲಿ ಒಂದು ಹೆಜ್ಜೆಯೂ ತಪ್ಪಲಿಲ್ಲ.

ಸೈಕಲ್ ಅಂಗಡಿಯವನು ವಾಲ್‌ಟ್ಯೂಬಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಬರುವುದೇ ಎಂದು ನೋಡುತ್ತಾನೆ. ಪಂಕ್ಚರು ಹುಡುಕಲು ಟ್ಯೂಬನ್ನು ನೀರಿನ ಬುಟ್ಟಿಯಲ್ಲಿ ಮುಳುಗಿಸುತ್ತಾನೆ. ಮುಳುಗುಗಾರರೂ ಗಾಳಿ ತುಂಬಿದ ಸಲಕರಣೆಯನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಎಲ್ಲಿಂದ ಏಳುತ್ತದೆಂದು ನೋಡುತ್ತಾರೆ. ಆನೆಗೊಂದಿಯ ಅಂಬಿಗನು ಹರಿಗೋಲನ್ನು ನೀರಿಗಿಳಿಸುವ ಮೊದಲು ಬೋರಲು ಹಾಕಿ, ಡಾಂಬರು ಬಿರುಕು ಬಿಟ್ಟಿದೆಯೇ ಎಂದು ಕೈಯಾಡಿಸುತ್ತಾನೆ. ಇನ್ನು ಅಡುಗೆ ಅನಿಲದ ಸಿಲಿಂಡರು. ಹೊಸ ಸಿಲಿಂಡರು ಮನೆಗೆ ಬಂದಾಗ, ತಂದವನು ಮುಚ್ಚಳ ತೆಗೆದು ಕವಾಟದೊಳಗಿನ ಚಿಕ್ಕ ಉಂಗುರ ಹರಿದಿದ್ದರೆ ಬೇರೆ ಹಾಕುವುದನ್ನು ವಾಚಕರು ಕಂಡಿರಬಹುದು. ಆಮೇಲೆ ರೆಗ್ಯುಲೇಟರನ್ನು ಕೂರಿಸುವಾಗ ಯಾರಾದರೂ ಪಾನಾ ಹಿಡಿಯುವರೆ? ಇಲ್ಲ. ಟಕ್ಕೆಂದು ಸದ್ದಾದರೆ ಮುಗಿಯಿತು. ಬಿಗಿತವೇ ಇಲ್ಲದ ಆ ಜೋಡಣೆಯನ್ನು ನಂಬಿ ಕೋಟ್ಯಂತರ ಮನೆಗಳಲ್ಲಿ ಒಲೆ ಹೊತ್ತುತ್ತಿದೆ. ಸಂದೇಹ ಬಂದರೆ ಸಾಬೂನಿನ ನೀರು ಹಚ್ಚುತ್ತೇವೆ, ಬೆಂಕಿಕಡ್ಡಿ ಗೀರುವುದಿಲ್ಲ.

ಹೀಗೆ ಮನೆಯಲ್ಲಿ ಬಲ್ಲದ್ದನ್ನು ದೋಣಿ ಹತ್ತಿದೊಡನೆ ಮರೆಯುವುದೇಕೆ? ಸಲಕರಣೆಯು ಹೊಳೆಯುತ್ತದೆ, ಹೆಸರುಗಳು ಇಂಗ್ಲಿಷಿನವು, ಬೆಲೆ ಹೆಚ್ಚು; ಇದು ತಜ್ಞರ ವಿಷಯ, ನಮ್ಮದಲ್ಲ ಎಂಬ ಅಂಜಿಕೆ ಒಳಗೆ ಹುಟ್ಟುತ್ತದೆ. ಕಲಿಸುವವರಲ್ಲಿ ಕೆಲವರು ಈ ಅಂಜಿಕೆಗೆ ನೀರೆರೆಯುತ್ತಾರೆ. ಎಲ್ಲವನ್ನೂ ಜೋಡಿಸಿ, ಪರೀಕ್ಷಿಸಿ, ಮದುವಣಿಗನಿಗೆ ಬಾಸಿಂಗ ಕಟ್ಟುವಂತೆ ಬೆನ್ನಿಗೆ ಕಟ್ಟಿ ನೀರಿಗೆ ಇಳಿಸುತ್ತಾರೆ. ಒಂದು ದಿನದ ವಿನೋದಕ್ಕೆ ಬಂದು, ಕಲಿಸುವವನ ಕೈ ಹಿಡಿದು ಇಳಿದು ಮೇಲೆ ಬರುವವನಿಗೆ ಅದೇ ಸರಿ. ಅದನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಪ್ರಮಾಣಪತ್ರ ಪಡೆದು ನಾಳೆ ತಾನೇ ಜೊತೆಗಾರನೊಡನೆ ಇಳಿಯತಕ್ಕವನಿಗೂ ಇದೇ ಉಪಚಾರ ನಡೆದರೆ ಅದು ಉಪಚಾರವಲ್ಲ, ವಂಚನೆ. ಸಮಯ ಸಾಲದು, ಹೊಸಬರ ಕೈಗೆ ಕೊಟ್ಟರೆ ಮುರಿಯುತ್ತಾರೆ ಎಂದು ಕಲಿಸುವವರು ಹೇಳುವುದುಂಟು. ಮುರಿಯುವುದಾದರೆ ದಡದ ಮೇಲೆ ಮುರಿಯಲಿ ಎಂಬುದು ನಮ್ಮ ಅಭಿಪ್ರಾಯ. ಇಪ್ಪತ್ತು ಮೀಟರು ಕೆಳಗೆ ಮುರಿಯುವುದಕ್ಕಿಂತ ಅದು ಅಗ್ಗ.

ದಡದ ಮೇಲೆ ಕಲಿಯಬೇಕಾದುದು ಬಹಳವೇನೂ ಇಲ್ಲ. ಕವಾಟವನ್ನು ನಿಧಾನವಾಗಿ, ಒತ್ತಡಮಾಪಕದ ಗಾಜನ್ನು ಮುಖದಿಂದ ಆಚೆಗೆ ತಿರುಗಿಸಿ ಹಿಡಿದು, ತೆರೆಯಬೇಕು. ಆಮೇಲೆ ಮಾಪಕದ ಮುಳ್ಳನ್ನು ನೋಡುತ್ತ ನಾಲ್ಕು ಬಾರಿ ಆಳವಾಗಿ ಉಸಿರೆಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ, ಸಿಲಿಂಡರು ತುಂಬಿದ್ದರೂ ಕವಾಟವು ಪೂರ್ತಿಯಾಗಿ ತೆರೆದಿಲ್ಲವೆಂದು ಅರ್ಥ. ಈ ಒಂದು ಪರೀಕ್ಷೆಯನ್ನು ಬಿಟ್ಟವರು, ದೋಣಿಯ ಮೇಲೆ ಸುಖವಾಗಿ ಉಸಿರಾಡಿ, ಆಳಕ್ಕೆ ಹೋದ ಮೇಲೆ ಗಾಳಿ ಸಾಲದೆ ದಿಗಿಲುಬೀಳುತ್ತಾರೆ. ಹತ್ತು ಮೀಟರಿನ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿನ ಎರಡರಷ್ಟು ಗಾಳಿ ಬೇಕು, ಇಪ್ಪತ್ತರಲ್ಲಿ ಮೂರರಷ್ಟು. ಅರೆತೆರೆದ ಬಾಗಿಲಲ್ಲಿ ಅಷ್ಟು ಗಾಳಿ ಹೊರಡದು.

ಸೋರಿಕೆ ಇದೆಯೆಂದು ತಿಳಿದ ಮೇಲೆ ಎಲ್ಲಿ ಎಂಬುದನ್ನು ತರ್ಕದಿಂದ ಹುಡುಕಬೇಕು. ಇದು ನಮಗೆ ಬಲು ಸ್ವಾರಸ್ಯದ ಭಾಗ. ರೆಗ್ಯುಲೇಟರಿನಲ್ಲಿ ಎರಡು ಹಂತಗಳಿವೆ. ಸಿಲಿಂಡರಿನ ತಲೆಯ ಮೇಲೆ ಕೂರುವ ಮೊದಲನೆಯ ಹಂತವು 200 ಬಾರನ್ನು ಸುತ್ತಲಿನ ಒತ್ತಡಕ್ಕಿಂತ ಸುಮಾರು ಒಂಬತ್ತು ಹತ್ತು ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಬಾಯಲ್ಲಿ ಕಚ್ಚುವ ಎರಡನೆಯ ಹಂತವು ಅದನ್ನು ಸುತ್ತಲಿನ ನೀರಿನ ಒತ್ತಡಕ್ಕೇ ಇಳಿಸಿ ಕೊಡುತ್ತದೆ. ಬಾಯಿಯ ತುಂಡುಗಳು ಎರಡು, ಒಂದು ತನಗೆ, ಇನ್ನೊಂದು ಆಪತ್ತಿನಲ್ಲಿ ಜೊತೆಗಾರನಿಗೆ. ಈಗ, ಒಂದು ಬಾಯಿತುಂಡು ಮಾತ್ರ ಸುಯ್ಯೆನ್ನುತ್ತಿದ್ದರೆ ದೋಷವು ಬಹುಮಟ್ಟಿಗೆ ಅದರಲ್ಲಿಯೇ ಇದೆ. ಎರಡೂ ಒಟ್ಟಿಗೆ ಸುಯ್ಯೆಂದರೆ? ಎರಡು ಬೇರೆ ಬೇರೆ ತುಂಡುಗಳು ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪ. ಅವೆರಡಕ್ಕೂ ಸಮಾನವಾದ ಮೂಲವನ್ನು ಶಂಕಿಸಬೇಕು. ಮೊದಲನೆಯ ಹಂತದ ಕವಾಟವು ಸವೆದು, ಇಳಿಸಿದ ಒತ್ತಡವು ಮೆಲ್ಲಮೆಲ್ಲನೆ ಏರುತ್ತಿದೆ. ಕವಾಟ ತೆರೆದು ಕೆಲವು ನಿಮಿಷಗಳ ಮೇಲೆ ಸದ್ದು ಆರಂಭವಾದರೆ ಈ ಶಂಕೆ ಬಲವಾಗುತ್ತದೆ. ಅಂಥ ರೆಗ್ಯುಲೇಟರು ಆ ದಿನ ನೀರಿಗೆ ಇಳಿಯಕೂಡದು. ಅದನ್ನು ಬಿಚ್ಚುವ ಕೆಲಸವೂ ಹೊಸಬನದಲ್ಲ; ತರಬೇತಿ ಪಡೆದ ರಿಪೇರಿಗಾರನದು. ಹೊಸಬನು ಮುಟ್ಟಬಹುದಾದದ್ದು ಸಿಲಿಂಡರಿನ ಮುಖದ ಉಂಗುರ, ಧೂಳಿನ ಮುಚ್ಚಳ, ಕೊಳವೆಯ ತುದಿಯ ಕೊಂಡಿ. ಅಲ್ಲಿಗೆ ಅವನ ಗಡಿ ಮುಗಿಯಿತು.

ಸದ್ದು ದೊಡ್ಡದಾದಷ್ಟೂ ಅಪಾಯ ದೊಡ್ಡದು ಎಂದೇನೂ ಇಲ್ಲ. ಬಾಯಿತುಂಡು ಮೇಲ್ಮುಖವಾಗಿ ನೀರಿಗೆ ಬಿದ್ದರೆ ಭೋರೆಂದು ಗಾಳಿ ಸುರಿಯತೊಡಗುತ್ತದೆ, ಹೊಸಬನು ನಡುಗಿಹೋಗುತ್ತಾನೆ. ಅದನ್ನು ಕೆಳಮುಖ ಮಾಡಿದರೆ ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಕೊಳವೆಗಳ ವಿಷಯವೂ ಹೀಗೆಯೇ ವಿಚಿತ್ರ. ಒತ್ತಡಮಾಪಕಕ್ಕೆ ಹೋಗುವ ಕೊಳವೆಯಲ್ಲಿ ಸಿಲಿಂಡರಿನ ಪೂರ್ತಿ ಒತ್ತಡವಿರುತ್ತದೆ. ಬಾಯಿಗೆ ಬರುವ ಕೊಳವೆಯಲ್ಲಿ ಹತ್ತು ಬಾರಿನ ಆಸುಪಾಸು. ಯಾವುದು ಒಡೆದರೆ ಸಿಲಿಂಡರು ಬೇಗ ಬರಿದಾದೀತು? ಮಾಪಕದ ಕೊಳವೆ ಎಂದು ಯಾರಾದರೂ ಹೇಳುವರು, ನಾವೂ ಹೇಳಿದ್ದೆವು. ನಿಜವು ತಿರುಗುಮುರುಗು. ಮಾಪಕದ ಕೊಳವೆಯ ಬುಡದಲ್ಲಿ ಸೂಜಿಮೊನೆಯಷ್ಟು ರಂಧ್ರವನ್ನು ಬೇಕೆಂದೇ ಇಟ್ಟಿರುತ್ತಾರೆ. ಮುಳ್ಳನ್ನು ತಳ್ಳಲು ಅಷ್ಟು ಸಾಕು. ಕೊಳವೆ ಒಡೆದರೂ ಗಾಳಿ ಆ ರಂಧ್ರದಿಂದಲೇ ಬರಬೇಕಾದುದರಿಂದ ಮೇಲೆ ಬರಲು ಸಮಯ ಸಿಗುತ್ತದೆ. ಉಸಿರಿನ ಕೊಳವೆಗೆ ಹಾಗೆ ತಡೆಯಿಡುವಂತಿಲ್ಲ. ಅದು ಕತ್ತರಿಸಿದರೆ ತುಂಬಿದ ಸಿಲಿಂಡರು ಒಂದೆರಡು ನಿಮಿಷಗಳಲ್ಲಿ ಖಾಲಿಯಾಗಬಹುದು. ಒತ್ತಡವೇ ಬೇರೆ, ಹರಿವೇ ಬೇರೆ. ಭೌತವಿಜ್ಞಾನದ ತರಗತಿಯಲ್ಲಿ ಈ ಭೇದವನ್ನು ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು ಒಂದು ಹರಿದ ಕೊಳವೆಯನ್ನು ಕೈಯಲ್ಲಿ ಹಿಡಿದಾಗ.

ಎಲ್ಲಕ್ಕಿಂತ ಹೊಸಬನನ್ನು ಕಾಡಬಹುದಾದ ಜೋಡಣೆಯೆಂದರೆ ತೇಲುವ ಅಂಗಿಗೆ ಗಾಳಿ ಕೊಡುವ ಕೊಂಡಿ. ಅಂಗಿಗೆ ಗಾಳಿ ತುಂಬುವ ಗುಂಡಿಯು ಉಪ್ಪು ಕಟ್ಟಿ ಒಳಗೇ ಸಿಕ್ಕಿಕೊಂಡರೆ ಅಂಗಿ ತಾನಾಗಿ ಉಬ್ಬುತ್ತದೆ. ಮನುಷ್ಯನು ಬಿರಡೆಯಂತೆ ಮೇಲಕ್ಕೆ ಹಾರುತ್ತಾನೆ. ಹತ್ತು ಮೀಟರಿನ ಆಳದಲ್ಲಿ ಶ್ವಾಸಕೋಶ ತುಂಬಿದ ಗಾಳಿಯು ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಹೆದರಿ ಉಸಿರು ಬಿಗಿಹಿಡಿದವನ ಶ್ವಾಸಕೋಶ ಒಡೆಯಬಹುದು. ಬಾಯ್ಲನ ನಿಯಮವು ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ, ಇಲ್ಲಿ ಪ್ರಾಣದ ಪ್ರಶ್ನೆ. ಪರಿಹಾರ ಸುಲಭ: ಕೊಂಡಿಯ ಕೊರಳನ್ನು ಹಿಂದಕ್ಕೆ ಎಳೆದು ಕೊಳವೆಯನ್ನು ಕಳಚಿ, ಅಂಗಿಯ ಗಾಳಿಯನ್ನು ಹೊರಬಿಡಬೇಕು. ಉಸಿರನ್ನು ತಡೆಯದೆ ಬಿಡುತ್ತಲೇ ಇರಬೇಕು. ಕಣ್ಣು ಮುಚ್ಚಿಕೊಂಡು ಒಂದೇ ಕೈಯಿಂದ ಇದನ್ನು ಮಾಡಬಲ್ಲೆನೆಂದು ದಡದಲ್ಲಿ ತೋರಿಸಿಕೊಡದವನು ನೀರಿಗೆ ಇಳಿಯಬಾರದೆಂದು ನಾವಾದರೆ ಕಟ್ಟುಮಾಡುತ್ತೇವೆ.

ಬಿಗಿತದ ಭ್ರಮೆಗೆ ಇನ್ನೊಂದು ಮುಖವುಂಟು, ಇದು ಹೆಚ್ಚು ಘೋರವಾದುದು. ಸಿಲಿಂಡರಿನ ಕೊರಳಿಗೆ ಕವಾಟವನ್ನು ತಿರುಚುವ ಮರೆಗಳು ಜಗತ್ತಿನಲ್ಲಿ ಒಂದೇ ಅಳತೆಯಲ್ಲಿಲ್ಲ. ಒಂದು ಪದ್ಧತಿಯಲ್ಲಿ ವ್ಯಾಸ 25 ಮಿಲಿಮೀಟರು, ಒಂದು ಮರೆಗೂ ಮುಂದಿನ ಮರೆಗೂ ಅಂತರ 2 ಮಿಲಿಮೀಟರು. ಮುಕ್ಕಾಲು ಇಂಚೆಂದು ಹೆಸರಾದ ಇನ್ನೊಂದರಲ್ಲಿ ವ್ಯಾಸ ಸುಮಾರು 26 ಮಿಲಿಮೀಟರು, ಇಂಚಿಗೆ 14 ಮರೆಗಳು, ಅಂದರೆ ಅಂತರ 1.81 ಮಿಲಿಮೀಟರು. 25ರ ಕವಾಟವನ್ನು ಮುಕ್ಕಾಲು ಇಂಚಿನ ಕೊರಳಿಗೆ ತಿರುಗಿಸಿದರೆ ಕೆಲವು ಸುತ್ತು ಹೋಗುತ್ತದೆ, ಬಿಗಿಯಾಗಿಯೂ ಕೂರುತ್ತದೆ. ಉಂಗುರವು ಗಾಳಿಯನ್ನೂ ತಡೆಯುತ್ತದೆ. ಸದ್ದಿಲ್ಲ, ಸೋರಿಕೆಯಿಲ್ಲ. ಆದರೆ ಭಾರ ಹೊರಬೇಕಾದ ಮರೆಗಳಲ್ಲಿ ಕೆಲವೇ ಒಂದಕ್ಕೊಂದು ಕಚ್ಚಿರುತ್ತವೆ. ಗಾಳಿ ತುಂಬುವಾಗ ಅವು ಕಿತ್ತು, ಕವಾಟವು ಗುಂಡಿನಂತೆ ಹಾರಿ ಪ್ರಾಣಹಾನಿಯಾದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ. ಆದುದರಿಂದ ಕೊರಳಿನ ಮೇಲೂ ಕವಾಟದ ಮೇಲೂ ಕೆತ್ತಿರುವ ಗುರುತುಗಳನ್ನು ಓದಿ ಹೊಂದಿಸಬೇಕೇ ವಿನಾ, ಹಿಡಿಸಿತಲ್ಲ ಎಂದು ಸಮಾಧಾನಪಡಬಾರದು. ಹಳೆಯ ಸಿಲಿಂಡರುಗಳನ್ನು ಅಗ್ಗಕ್ಕೆ ಕೊಂಡು ಕೊಪ್ಪಳದಲ್ಲೋ ಹೊಸಪೇಟೆಯಲ್ಲೋ ಲೇತಿನವನ ಬಳಿ ಕವಾಟ ಹೊಂದಿಸಿಕೊಳ್ಳುತ್ತೇನೆನ್ನುವ ತರುಣರಿಗೆ ಈ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇವೆ.

ನಮ್ಮ ಜಿಲ್ಲೆಗೆ ಈ ವಿದ್ಯೆ ಬೇಡವೆನ್ನುವಂತಿಲ್ಲ. ಮುನಿರಾಬಾದಿನ ಬಳಿ ತುಂಗಭದ್ರೆಯ ದೊಡ್ಡ ಜಲಾಶಯವಿದೆ; ಸಾಣಾಪುರದಲ್ಲಿ ಕೆರೆಯಿದೆ; ಎಡದಂಡೆಯ ಕಾಲುವೆ ಗಂಗಾವತಿಯ ಬತ್ತದ ಗದ್ದೆಗಳ ನಡುವೆ ಹರಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು, ಅದನ್ನು ಹಿಡಿದಿದ್ದ ಸರಪಳಿ ತುಂಡಾಗಿ, ಕೊಚ್ಚಿಹೋದುದನ್ನು ಯಾರೂ ಮರೆತಿಲ್ಲ. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ಸುಮಾರು ಒಂದು ವಾರದೊಳಗೆ ಬಾಯಿ ಮುಚ್ಚಲಾಯಿತು. 60 ಅಡಿ ಅಗಲದ ಗೇಟಿನ ಭವಿಷ್ಯವು ಸರಪಳಿಯ ಕೊಂಡಿಯ ಮೇಲೆ ನಿಂತಿತ್ತು. ನೀರಿನೊಳಗೆ ಮುಳುಗಿರುವ ಭಾಗಗಳನ್ನು ಕಣ್ಣಾರೆ ಕಂಡು ಬರಬಲ್ಲವರು ಎಲ್ಲ ಜಲಾಶಯಗಳಿಗೂ ಬೇಕು. ಕಾಲುವೆಯಲ್ಲಿ ಯಾರಾದರೂ ಮುಳುಗಿದಾಗ ಇಂದಿಗೂ ಊರಿನ ಈಜುಗಾರರನ್ನೂ ಮೀನುಗಾರರನ್ನೂ ಕರೆಯುವುದು ವಾಡಿಕೆ. ಅವರು ಉಸಿರು ಕಟ್ಟಿಕೊಂಡು ಇಳಿಯುತ್ತಾರೆ.

ಹಾಗೆಂದು ಸಿಲಿಂಡರು ಕಟ್ಟಿಕೊಂಡವನಿಗೆ ಯಾವ ನೀರೂ ಸಲೀಸು ಎಂದಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ, ಉಕ್ಕಿ ಹರಿಯುತ್ತಿದ್ದ ಗಂಗಾವಳಿಯ ಸೆಳೆತದ ಮುಂದೆ ನೌಕಾಪಡೆಯ ಮುಳುಗುಗಾರರೇ ಅನೇಕ ದಿನ ತಡೆದು ನಿಲ್ಲಬೇಕಾಯಿತು. ನದಿಗೆ ಬಿದ್ದ ಲಾರಿಯನ್ನು ಎತ್ತಿದ್ದು ಸೆಪ್ಟೆಂಬರಿನಲ್ಲಿ. ಗೇಟುಗಳ ಹತ್ತಿರವೂ ಕಾಲುವೆಯ ತೂಬಿನ ಬಾಯಲ್ಲಿಯೂ ನೀರಿನ ಎಳೆತವು ಮನುಷ್ಯನನ್ನು ಒಮ್ಮೆ ಹಿಡಿದರೆ ಬಿಡುವುದಿಲ್ಲ. ತುಂಗಭದ್ರಾ ಜಲಾಶಯವು ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 1633 ಅಡಿ, ಅಂದರೆ ಸುಮಾರು 498 ಮೀಟರು ಎತ್ತರ; 300 ಮೀಟರನ್ನು ಮೀರಿದ ಕಡೆ ಮುಳುಗಿನ ಲೆಕ್ಕಗಳನ್ನೇ ಬದಲಿಸಬೇಕಾಗುತ್ತದೆ. ಆದುದರಿಂದ ಕಡಲಲ್ಲಿ ನಾಲ್ಕು ಬಾರಿ ಮುಳುಗಿ ಬಂದ ಹುಡುಗನು ಊರಿಗೆ ಬಂದು ಕಾಲುವೆಗೆ ಇಳಿಯುವುದನ್ನು ನಾವು ಖಂಡಿತವಾಗಿ ವಿರೋಧಿಸುತ್ತೇವೆ. ನಾವು ಕೇಳುವುದು ಶಾಲೆಯೊಳಗಿನ ಕಲಿಕೆಯನ್ನು.

ನಮ್ಮ ಪ್ರೌಢಶಾಲೆಗಳಲ್ಲಿ ಒತ್ತಡದ ಪಾಠವನ್ನು ಕಪ್ಪುಹಲಗೆಯ ಮೇಲೆ ಮುಗಿಸಿಬಿಡುತ್ತಾರೆ. ಒಂದು ಸೈಕಲ್ ಟ್ಯೂಬು, ಒಂದು ಬುಟ್ಟಿ ನೀರು, ಹನಿ ನೀರಾವರಿಯ ಹಳೆಯ ಫಿಲ್ಟರು, ಒಂದು ಚಿಟಿಕೆ ಉಸುಕು ಇದ್ದರೆ ಒಂದು ಮಧ್ಯಾಹ್ನದಲ್ಲಿ ಸೋರಿಕೆಯ ಶಾಸ್ತ್ರವನ್ನೆಲ್ಲ ಕೈಯಿಂದ ಕಲಿಸಬಹುದು. ಅನಿಲದ ಸಿಲಿಂಡರನ್ನು ಮಾತ್ರ ತರಗತಿಗೆ ತರಬೇಡಿ. ಅದನ್ನು ಅಡುಗೆ ಮನೆಯಲ್ಲಿಯೇ ದೊಡ್ಡವರೆದುರು ನೋಡಿದರೆ ಸಾಕು. ಉಂಗುರದ ಮೇಲೆ ಉಸುಕು ಹಾಕಿ ಮುಚ್ಚಳ ಬಿಗಿಯಲಿ, ಸೋರುವುದನ್ನು ನೋಡಲಿ, ಇನ್ನಷ್ಟು ಬಿಗಿಯಲಿ, ಮತ್ತೂ ಸೋರುವುದನ್ನು ನೋಡಲಿ, ಆಮೇಲೆ ಒರೆಸಿ ಎರಡು ಬೆರಳಿನಿಂದ ಮುಚ್ಚಲಿ.

ಕಾಲೇಜುಗಳಿಗೆ ಇನ್ನೂ ಒಂದು ಸಲಹೆ. ರಿಪೇರಿಗೆ ಮೀರಿದ ರೆಗ್ಯುಲೇಟರುಗಳು ಕಡಲ ತೀರದ ಮುಳುಗುಶಾಲೆಗಳಲ್ಲಿ ಮೂಲೆಗೆ ಬಿದ್ದಿರುತ್ತವೆ. ಕೇಳಿದರೆ ಕೊಡುವವರಿದ್ದಾರೆ, ನಮಗೂ ಒಂದನ್ನು ಕೊಟ್ಟರು. ಮೊದಲನೆಯ ಹಂತವೆಂಬುದು ಹಿತ್ತಾಳೆಯ ಗಟ್ಟಿ; ಐ.ಟಿ.ಐ. ಕಾರ್ಯಾಗಾರದಲ್ಲಿ ವೈಸಿಗೆ ಹಿಡಿದು ಹ್ಯಾಕ್ಸಾ ಗರಗಸದಿಂದ ನಡುವೆ ಸೀಳಿಸಿದೆವು, ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಂಚನ್ನು ಅರದಿಂದ ಉಜ್ಜಿ ನಯಮಾಡಿದ ಮೇಲೆ ಒಳಗಿನ ಸುರುಳಿ, ಕವಾಟ, ಅದು ಕೂರುವ ಪೀಠ, ಉಂಗುರಗಳ ಗಾಡಿಗಳು ಎಲ್ಲವೂ ಪುಸ್ತಕದ ಚಿತ್ರದಂತೆ ಬಿಚ್ಚಿಕೊಂಡವು. ಅದನ್ನು ನಾವು ಮೇಷ್ಟ್ರೊಬ್ಬರಿಗೆ ಕೊಟ್ಟಿದ್ದೇವೆ. ನೇತ್ರಾಣಿಯ ಆ ಹರಿದ ಉಂಗುರವನ್ನೂ ಒಂದು ದಾರದಿಂದ ಅದಕ್ಕೆ ಕಟ್ಟಿದ್ದೇವೆ.